ಡೇಗುಗಳ ತೊಟ್ಟಿಲು

ವರಲಕ್ಷ್ಮಮ್ಮನವರ ಎರಡು ಸೂಟ್‌ಕೇಸನ್ನೂ ತೂಕಕ್ಕಿಟ್ಟ ವಿಮಾನದವರು ಅವರ ನಾಲಿಗೆಯನ್ನು ಹಾಗೇ ಬಿಟ್ಟುಬಿಟ್ಟರು. ಅದೊಂದನ್ನು ಮೈಸೂರಿನಲ್ಲೇ ಇಳಿಸಿಕೊಂಡಿದ್ದರೆ ಅಮೆರಿಕದ ಏಪೆಕ್ಸ್‌ನಲ್ಲಿ ನಮ್ಮ ಬೀದಿ ತಣ್ಣಗಿರುತ್ತಿತ್ತು.

ನಮ್ಮ ಎದುರು ಮನೆ ಅವರ ಮಗ ಹರಿಪ್ರಸಾದನದು. ಅವನ ಹೆಂಡತಿ ಶ್ರೀಲತಾಗೆ ಎರಡು ಸಲ ಬಸಿರಾಯಿತು, ಎರಡು ಸಲವೂ ನಿಲ್ಲಲಿಲ್ಲ. ಎರಡನೆಯ ಸಲ ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಾನು. ಅವತ್ತು ಹರಿಪ್ರಸಾದನಿಗೆ ಆಫೀಸಿನಲ್ಲಿ ಮೀಟಿಂಗ್ ಇತ್ತಂತೆ! ವೀಸಾ ಅಡ್ಡ ಬಂದು ಅವಳು ಕೆಲಸಕ್ಕೆ ಹೋಗುವಂತಿರಲಿಲ್ಲ. ಕಾರು ಕಲಿಸಲು ಗಂಡನಿಗೆ ಪುರುಸೊತ್ತಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಅವಳು, ಅತ್ತೆ, ಅತ್ತೆಯ ಬಾಯಿ.

ಒಂದು ದಿನ ನನ್ನ ಮಗಳು ಅಮೂಲ್ಯಾಳನ್ನು ಕರೆತರಲು ಹೋದಾಗ ಶ್ರೀಲತಾಳನ್ನೂ ಸ್ಕೂಲಿಗೆ ಕರೆದುಕೊಂಡು ಹೋಗಿದ್ದೆ. ಕ್ಲಾಸಿನಲ್ಲಿ ಎರಡು ಡೇಗು ಸಾಕಿದ್ದರು. ಅಳಿಲಿಗೂ ಇಲಿಗೂ ನಡುವಿನ ಪ್ರಾಣಿ, ಚಿಲಿ ದೇಶದ್ದು, ಬಾಲದ ತುದಿಗೆ ಪುಟ್ಟ ಕುಚ್ಚು. ಒಂದು ಡೇಗು ಶ್ರೀಲತಾಳ ಅಂಗೈ ಹತ್ತಿ ಕೂತು, ಅವಳ ಮುಖ ನೋಡುತ್ತ ಚಿಲಿಪಿಲಿ ಏನೋ ಹೇಳಿತು. ಮನೆಗೆ ಬರುವಾಗ ಕಾರಿನಲ್ಲಿ ಅವಳದು ಒಂದೇ ಮಾತು.

"ನೀರಜಾ, ಬೇರೆ ಇಲಿಗಳ ಥರ ಅಲ್ವಂತೆ. ಹಗಲೆಲ್ಲ ಎದ್ದಿರ್ತಾವಂತೆ. ನನ್ನ ಜೊತೆ ಎದ್ದಿರೋಕೆ ಮನೇಲಿ ಏನಾದ್ರೂ ಒಂದು ಬೇಕು ಕಣೇ."

ಟೀಚರ್ ಒಂದು ಫೋನ್ ನಂಬರ್ ಕೊಟ್ಟರು. ಪಕ್ಕದ ರಾಲಿ ನಗರದಾಚೆ ಡೋರೊಥಿ ಎಂಬ ಮುದುಕಿ ಡೇಗು ಸಾಕಿ ಕೊಡುತ್ತಿದ್ದಳು. ಹೆಣ್ಣು ಕೊಡುವವರು ಕೂಡ ಗಂಡಿನ ಮನೆಯನ್ನು ಅಷ್ಟು ವಿಚಾರಿಸುವುದಿಲ್ಲ. ಒಂಟಿಯಾಗಿ ಕೊಡುವುದಿಲ್ಲ, ಜೊತೆಯಾಗಿಯೇ ಸಾಕಬೇಕು. ಪ್ಲಾಸ್ಟಿಕ್ ಇಡಬಾರದು, ಕಡಿದು ನುಂಗುತ್ತವೆ. ಬಾಲ ಹಿಡಿದು ಎತ್ತಬಾರದು, ಚರ್ಮ ಕಿತ್ತು ಬರುತ್ತದೆ, ಮತ್ತೆ ಬೆಳೆಯುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಸಿಹಿ ಸೋಕಿಸಬಾರದು. ಹಣ್ಣು ಕೂಡ ಬೇಡ. ಸಕ್ಕರೆ ಕಾಯಿಲೆ ಬಂದು, ಕಣ್ಣಿಗೆ ಪೊರೆ ಬೆಳೆದು ಕುರುಡಾಗಿ ಸಾಯುತ್ತವೆ. ತಾನೇ ಮನೆಗೆ ಬಂದು ನೋಡುತ್ತೇನೆ, ಮನೆಯವರೆಲ್ಲ ಒಪ್ಪಿದರೆ ಬಿಟ್ಟು ಹೋಗುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದಳು.

ಶ್ರೀಲತಾ ಸೆರಗು ಬಿಗಿದು ನಿಂತಳು. ಇಬ್ಬರೂ ಸೇರಿ ದೊಡ್ಡ ತಂತಿ ಗೂಡು ತಂದೆವು. ತಂತಿಯ ಮೇಲೆ ಓಡಿದರೆ ಪಾದ ಹುಣ್ಣಾಗುತ್ತದೆಂದು ಅವಳು ಮರದ ಹಲಗೆ ಕತ್ತರಿಸಿ ಹಾಸಿದಳು. ಒಣಹುಲ್ಲು ತಂದು ಮುಳ್ಳಿದೆಯೇ ಎಂದು ಕೈಯಾಡಿಸಿ ನೋಡಿದಳು. ಅವು ಹೊರಳಾಡಿ ಮೈ ಚೊಕ್ಕ ಮಾಡಿಕೊಳ್ಳುವ ನುಣುಪು ಮರಳನ್ನು, ಮದುವೆಯಲ್ಲಿ ತವರಿನವರು ಕೊಟ್ಟ ಸ್ಟೀಲ್ ಡಬರಿಗೆ ತುಂಬಿದಳು. ಗೂಡನ್ನು ಮಹಡಿಯ ಹಳದಿ ಕೋಣೆಯಲ್ಲಿಟ್ಟಳು. ಆ ಹಳದಿ ಬಣ್ಣ ಮೊದಲ ಬಸಿರಿನಲ್ಲಿ ಬಳಿಸಿದ್ದು.

ವರಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ನೋಡಿದರು. "ತೊಟ್ಟಿಲಿಡೋ ಜಾಗದಲ್ಲಿ ಇಲಿ ಬೋನು. ಸರಿ, ಅವರವರ ಯೋಗ್ಯತೆ."

ಹರಿಪ್ರಸಾದ ಕೇಳಿಸಿಕೊಂಡ, ಕೇಳಿಸದವನಂತೆ ಟಿವಿ ಹಾಕಿದ. ಅವನಿಗೆ ಬೆನ್ನುಮೂಳೆ ಇರುವುದು ಕುರ್ಚಿಗೆ ಒರಗಲು ಮಾತ್ರ.

ಡೋರೊಥಿ ಶನಿವಾರ ಬರುವುದೆಂದಾಯಿತು. ಆ ಶನಿವಾರವೇ ವರಲಕ್ಷ್ಮಮ್ಮ ಅರಿಶಿನ-ಕುಂಕುಮಕ್ಕೆ ನಾಲ್ಕು ಮನೆಗೆ ಫೋನ್ ಮಾಡಿದರು. ಅಮೆರಿಕದಲ್ಲಿ ಎಲ್ಲ ಹಬ್ಬವೂ ಶನಿವಾರಕ್ಕೇ ಬರುವುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಅವರು ವಿಧವೆ, ತಾವು ಕುಂಕುಮ ಕೊಡುವಂತಿಲ್ಲ. ಸೊಸೆಯ ಕೈಲಿ ಕೊಡಿಸುತ್ತಿದ್ದರು. ತಟ್ಟೆ ಹೊರಗೆ ಬರುವ ಹೊತ್ತಿಗೆ ನೀರು ಕುಡಿಯುವ ನೆಪದಲ್ಲಿ ಎದ್ದು ಒಳಗೆ ಹೋಗುವುದು ಅವರ ರೂಢಿ. ಅವರು ಅತ್ತ ಹೋಗುವ ತನಕ ತಟ್ಟೆಗೆ ಕೈ ಹಾಕದಿರುವುದು ಶ್ರೀಲತಾಳ ರೂಢಿ. ಎಷ್ಟೇ ಬೈಸಿಕೊಂಡ ದಿನವೂ ಅವಳು ಅದನ್ನು ತಪ್ಪಿಸಿದ್ದಿಲ್ಲ.

ಅವತ್ತು ನಾವೆಲ್ಲ ಬಂದ ಮೇಲೆ ವರಲಕ್ಷ್ಮಮ್ಮ, "ಎಲ್ಲಾ ಮೇಲೆ ಬನ್ರಮ್ಮ, ನಮ್ಮನೇಲಿ ತೊಟ್ಟಿಲು ಶಾಸ್ತ್ರ" ಎಂದರು. ಶ್ರೀಲತಾ ಸ್ನಾನಕ್ಕೆ ಹೋಗಿದ್ದಳು. ಹಳದಿ ಕೋಣೆಗೆ ಹೋದರೆ ಗೂಡಿಗೆ ಮಾವಿನೆಲೆ ಕಟ್ಟಿತ್ತು. ಒಳಗೆ ರವಿಕೆ ಕಣ, ತೆಂಗಿನಕಾಯಿ, ಬಾಳೆಹಣ್ಣು, ಬೆಲ್ಲದ ಅಚ್ಚು.

"ನನ್ನ ಸೊಸೆ ಅವಳಿ ಹೆರ್ತಾಳೆ ಇವತ್ತು. ಹಾಡ್ರೇ ಯಾರಾದ್ರೂ ಜೋಗುಳಾನ."

ನೀಲಗಂಗಾ ಎಂಬ ದಡ್ಡಿ ನಿಜವಾಗಿಯೂ ಹಾಡಿದಳು. ಉಳಿದವರು ಬಾಯಿಗೆ ಸೆರಗಿಟ್ಟು ನಕ್ಕರು. ನನ್ನ ಮೈ ಉರಿಯಿತು.

"ಆಂಟಿ, ಬೆಲ್ಲ ತೆಗೀರಿ. ಅವಕ್ಕೆ ವಿಷ ಅಂತ ನಿಮಗೆ ಅವಳೇ ಹೇಳಿದಾಳೆ."

"ನಿನ್ನ ಮಕ್ಕಳಿಗೆ ಏನು ಹಾಕ್ಬೇಕೋ ನೀನು ನೋಡ್ಕೋ. ನಮ್ಮ ಮೊಮ್ಮಕ್ಕಳಿಗೆ ನಾವು ನೋಡ್ಕೋತೀವಿ."

ಅಷ್ಟರಲ್ಲಿ ಶ್ರೀಲತಾ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಾಗಿಲಿಗೆ ಬಂದಳು. ಗೂಡು ನೋಡಿದಳು, ಹಾಡು ಕೇಳಿದಳು. ಅವಳು ಬಾಯಿ ತೆರೆಯುವ ಮುಂಚೆ ಕೆಳಗೆ ಬೆಲ್ ಆಯಿತು.

ಡೋರೊಥಿ ಒಂದು ಪುಟ್ಟ ಪೆಟ್ಟಿಗೆ ಹಿಡಿದು ಮೇಲೆ ಬಂದಳು, ಹಿಂದೆ ಹರಿಪ್ರಸಾದ. ಪೆಟ್ಟಿಗೆಯ ಜಾಲರಿಗೆ ಎರಡು ಮೂತಿ ಅಂಟಿಕೊಂಡಿದ್ದವು. ಹಲಗೆ, ಹುಲ್ಲು, ಮರಳು ನೋಡಿ ಮುದುಕಿಯ ಮುಖ ಅರಳಿತು. ಆಮೇಲೆ ಬಾಳೆಹಣ್ಣು ನೋಡಿದಳು.

"ಅದೆಲ್ಲ ಪೂಜೆಗೆ, ಈಗಲೇ ತೆಗೀತೀನಿ" ಎಂದು ಶ್ರೀಲತಾ ಇಂಗ್ಲಿಷಿನಲ್ಲಿ ತೊದಲುತ್ತ ಎರಡೂ ಕೈಯಿಂದ ಬಾಚತೊಡಗಿದಳು. ಡೋರೊಥಿ ಮೆತ್ತಗೆ ಕೇಳಿದಳು, ನೀನು ಊರಲ್ಲಿಲ್ಲದಾಗ ಇವಕ್ಕೆ ಊಟ ಹಾಕುವವರು ಯಾರು?

ವರಲಕ್ಷ್ಮಮ್ಮ ಬೆಲ್ಲದ ಅಚ್ಚನ್ನು ಎತ್ತಿ ತೋರಿಸಿದರು. "ಐ ವಿಲ್ ಫೀಡ್. ಡೈಲಿ." ಹಲ್ಲು ಬಿಟ್ಟು ನಕ್ಕರು.

ಅದೇನು ಎಂದು ಡೋರೊಥಿ ಹರಿಪ್ರಸಾದನನ್ನು ಕೇಳಿದಳು. ಒಂದು ಥರದ ಸಕ್ಕರೆ ಎಂದ. ನಿಮ್ಮ ತಾಯಿ ಅದನ್ನು ಹಾಕುವುದಿಲ್ಲ ಎಂದು ನೀನು ನನಗೆ ಮಾತು ಕೊಡುತ್ತೀಯಾ ಎಂದಳು. ಶ್ರೀಲತಾ ಗಂಡನ ಮುಖವನ್ನೇ ನೋಡುತ್ತಿದ್ದಳು. ಒಂದು "ಹೂಂ" ಸಾಕಾಗಿತ್ತು.

ಅವನು ಅಮ್ಮನನ್ನು ನೋಡಿದ, ಕಾರ್ಪೆಟ್ ನೋಡಿದ. "ಶಿ ಈಸ್ ಮೈ ಮದರ್, ಮ್ಯಾಮ್" ಎಂದ.

ಡೋರೊಥಿ ಶ್ರೀಲತಾಳ ಭುಜ ಮುಟ್ಟಿ, ಸಾರಿ ಎಂದು ಪೆಟ್ಟಿಗೆ ಹಿಡಿದುಕೊಂಡು ಮೆಟ್ಟಿಲಿಳಿದಳು. ಇಳಿಯುವಾಗ ಪೆಟ್ಟಿಗೆಯೊಳಗಿಂದ ಚಿಲಿಪಿಲಿ ಕೇಳಿಸುತ್ತಿತ್ತು. ಕಾರು ಹೋಯಿತು.

ವರಲಕ್ಷ್ಮಮ್ಮ ಬೆಲ್ಲದ ಚೂರೊಂದನ್ನು ಬಾಯಿಗೆ ಹಾಕಿಕೊಂಡರು. "ಇದೂ ನಿಲ್ಲಲಿಲ್ಲ" ಎಂದರು.

ಯಾರೂ ನಗಲಿಲ್ಲ. ನೀಲಗಂಗಾ ಕೂಡ ಚೀಲ ಎತ್ತಿಕೊಂಡಳು. ಕರೆದ ಮುತ್ತೈದೆಯರನ್ನು ಕುಂಕುಮವಿಲ್ಲದೆ ಕಳಿಸುವಂತಿಲ್ಲ, ಏನೇ ಆಗಲಿ. ಶ್ರೀಲತಾ ಕೆಳಗೆ ಹೋಗಿ ತಟ್ಟೆ ತಂದಳು. ವರಲಕ್ಷ್ಮಮ್ಮ ಎಂದಿನಂತೆ ಎದ್ದರು.

"ನೀರು ಆಮೇಲೆ ಕುಡೀಬಹುದು. ಕೂತ್ಕೊಳಿ ಅತ್ತೆ."

ಅಂಥ ದನಿಯನ್ನು ಆ ಮನೆ ಕೇಳಿರಲಿಲ್ಲ. ವರಲಕ್ಷ್ಮಮ್ಮ ಕೂತರು. ಶ್ರೀಲತಾ ಒಬ್ಬೊಬ್ಬರ ಹಣೆಗೂ ನಿಧಾನವಾಗಿ ಕುಂಕುಮ ಇಟ್ಟು, ಗೂಡಿನಿಂದ ಬಾಚಿ ತೆಗೆದಿದ್ದ ಬಾಳೆಹಣ್ಣನ್ನೇ ಕೈಗೆ ಕೊಟ್ಟಳು. ಅತ್ತೆಯ ಎದುರು ಬಂದು ನಿಂತಳು. ಬೆರಳಿನಲ್ಲಿ ಕುಂಕುಮ ತೆಗೆದು, ಆ ಬರಿ ಹಣೆಯ ಹತ್ತಿರದವರೆಗೂ ತಂದಳು. ಹರಿಪ್ರಸಾದ "ಶ್ರೀ..." ಎಂದ.

"ಅಯ್ಯೋ ಮರೆತೇಬಿಟ್ಟೆ" ಎಂದಳು ಶ್ರೀಲತಾ. "ಇದು ನಿಮ್ಮ ಹಣೇಲೂ ನಿಲ್ಲಲಿಲ್ಲ, ಅಲ್ವಾ ಅತ್ತೆ?"

ವರಲಕ್ಷ್ಮಮ್ಮನವರ ಬಾಯಲ್ಲಿ ಬೆಲ್ಲ ಹಾಗೇ ನಿಂತಿತು. ಕೈ ತಾನಾಗಿ ಹಣೆಗೆ ಹೋಯಿತು. ಅದೇ ಕುಂಕುಮವನ್ನು ಶ್ರೀಲತಾ ಪಕ್ಕದಲ್ಲಿ ನಿಂತಿದ್ದ ನನಗೆ ಇಡಲು ಬಂದಳು. ನಾನು ಹಣೆ ಒಡ್ಡಿದೆ.