ಚೌಕಳಿ ರುಮಾಲಿನ ಗಂಟು

ಮೊಣಕಾಲಿಗೆ ಬಿಗಿದಿದ್ದ ಗಂಟು ರಾಜೇಶ್ವರಿಯ ಉಗುರಿಗೆ ಬಗ್ಗಲಿಲ್ಲ. ಹಿತ್ತಲಲ್ಲಿ ಧೋತರ ಅಡ್ಡ ಹಿಡಿದು ಮಣೆಯ ಮೇಲೆ ಕೂಡಿಸಿದ್ದ ಗಂಡನಿಗೆ ಕೊನೆಯ ಸ್ನಾನ ನಡೆದಿತ್ತು. ತಲೆಯ ಮೇಲೆ ಸುರಿದ ನೀರು ಅಲ್ಲಿಗೂ ಇಳಿದು ಬಟ್ಟೆ ಇನ್ನಷ್ಟು ಬಿಗಿದುಕೊಂಡಿತ್ತು. ನೀಲಿ ಚೌಕಳಿಯ ರುಮಾಲು. ಯಾರದೆಂದು ಅವಳು ಯಾರನ್ನೂ ಕೇಳಬೇಕಿರಲಿಲ್ಲ. ಮದುವೆಯಾದಾಗಿನಿಂದ ಅದು ಗಂಡನ ಗೆಳೆಯ ಗುಡುಸಾಬನ ಹೆಗಲ ಮೇಲಿದ್ದದ್ದನ್ನು ನೋಡಿದ್ದಳು. ಸಂಜೆಯಾದರೆ ಸಾಕು, ಆ ಹೆಗಲು ಓಣಿಯ ತುದಿಯಲ್ಲಿ ಟೆಂಪೊ ನಿಲ್ಲಿಸಿಕೊಂಡು ಅವಳ ಗಂಡನಿಗಾಗಿ ಕಾಯುತ್ತಿತ್ತು.

"ಇರ್ಲಿ ಬಿಡವ್ವಾ, ಕುಣಿಯೊಳಗ ಇಳಿಸೂಮುಂದ ಬಿಚ್ಚಿದ್ರಾತು," ಅಂದರು ಮಠದ ಅಯ್ಯನವರು. "ಕಾಲು ಮಡಚಿಕೊಂಡ ಬಂದಾನ. ಪುಣ್ಯವಂತ."

ಸತ್ತವರನ್ನು ಕೂಡಿಸಿಯೇ ಮಣ್ಣು ಮಾಡುವ ಮನೆತನ. ಮೈ ಸೆಟೆಯುವುದರೊಳಗೆ ಕಾಲು ಮಡಚಬೇಕು, ಇಲ್ಲವಾದರೆ ಆಮೇಲೆ ಪಡಬಾರದ ಪಾಡು. ಕಲ್ಮೇಶ ಮಾತ್ರ ಯಾರಿಗೂ ತ್ರಾಸು ಕೊಡದೆ, ಪದ್ಮಾಸನ ಹಾಕಿಕೊಂಡೇ ಟೆಂಪೊದಿಂದ ಇಳಿದಿದ್ದ. ಚಡಚಣದ ಹಾದಿಯ ಒಣದ್ರಾಕ್ಷಿ ಶೆಡ್ಡಿನಲ್ಲಿ ಬೆಳಗಿನ ಜಾವ ಎದೆ ನಿಂತುಹೋಯಿತು ಎಂದು ತಂದವರು ಹೇಳಿದ್ದರು. ಅವರು ಹೇಳಿದ್ದು ಅಷ್ಟೇ. ಉಳಿದದ್ದನ್ನೆಲ್ಲ ಇಂಡಿ ಊರಿನ ಜನ ತಾವೇ ಸೇರಿಸಿಕೊಂಡರು.

ಹೊರಗಿನ ಕಟ್ಟೆಯ ಮೇಲೆ ಕಲ್ಮೇಶನ ಕಾಕಾ ಧೂಳಪ್ಪನ ದನಿ ಏರುತ್ತಲೇ ಇತ್ತು. ಮೊದಲ ಚಹಾದ ಹೊತ್ತಿಗೆ ಅವನ ಬಾಯಲ್ಲಿ ಕಲ್ಮೇಶ ಕುಳಿತಲ್ಲೇ ಪ್ರಾಣ ಬಿಟ್ಟಿದ್ದ. ಎರಡನೆಯ ಚಹಾಕ್ಕೆ ಅವನ ಅಂಗೈಗೆ ಇಷ್ಟಲಿಂಗ ಬಂತು. ಮೂರನೆಯದು ಮುಗಿಯುವುದರೊಳಗೆ ಧೂಳಪ್ಪ ಸಮಾಧಿಯ ಮೇಲೆ ಗದ್ದುಗೆ ಕಟ್ಟಿಸುವ ಮಾತಿಗೆ ಬಂದಿದ್ದ.

"ಪೂಜಾಕ್ಕ ಕುಂತಾಂವ ಹಂಗ ಐಕ್ಯ ಆಗ್ಯಾನ್ರೀ! ಇಂಥಾ ಸಾವು ಯಾರಿಗೆ ಬರ್ತೈತಿ?"

"ಮೈಕ್‌ಸೆಟ್ ಇಟ್ಕೊಂಡು ಊರೂರು ತಿರುಗತಿದ್ದ. ಒಳಗ ಇಷ್ಟ ಇತ್ತಂತ ಯಾರಿಗ ಗೊತ್ತಿತ್ರಿ," ಅಂದ ಪಕ್ಕದ ಮನೆಯವ.

ರಾಜೇಶ್ವರಿಗೆ ನಗು ಬಂತು, ಅಳುವಿಗಿಂತ ಮೊದಲು. ಲಿಂಗಪೂಜೆಗೆ ಕರೆದರೆ ತಲೆನೋವು ಎಂದು ಮಗ್ಗಲು ಬದಲಿಸುತ್ತಿದ್ದ ಮನುಷ್ಯ! ಅತ್ತೆ ಸಿದ್ದವ್ವ ಮಾತ್ರ ಆ ಮಾತುಗಳನ್ನು ಸೆರಗಿನಲ್ಲಿ ಕಟ್ಟಿಕೊಳ್ಳುವಂತೆ ಕೇಳುತ್ತಾ ಕುಳಿತಿದ್ದಳು. ಅವಳ ಮುಖದಲ್ಲಿ ಬೆಳಗಿನಿಂದ ಮೊದಲ ಸಲ ಒಂದಿಷ್ಟು ಬೆಳಕಿತ್ತು.

*

ಮೊದಮೊದಲು ರಾಜೇಶ್ವರಿ ಗಂಡನಿಗೆ ಯಾರೋ ಹೆಂಗಸಿದ್ದಾಳೆಂದೇ ತಿಳಿದಿದ್ದಳು. ಮದುವೆಗೆ ಮೈಕು ಹಚ್ಚಲು ಹೋದವನು ಮದುವೆ ಮುಗಿದರೂ ಬರುತ್ತಿರಲಿಲ್ಲ. ಬೆಳಗಾಗುವಾಗ ಬಂದು, ಚಹಾಕ್ಕೆ ಸಕ್ಕರೆ ಹೆಚ್ಚು ಹಾಕು ಎನ್ನುತ್ತಿದ್ದ, ಮೂಗು ತುರಿಸಿಕೊಳ್ಳುತ್ತ ಗೋಡೆಯನ್ನು ನೋಡಿ ಮುಗುಳ್ನಗುತ್ತಿದ್ದ, ಮಲಗಿಬಿಡುತ್ತಿದ್ದ. ಬಾಯಲ್ಲಿ ಸೆರೆಯ ವಾಸನೆಯಿಲ್ಲ. "ನನ್ನ ಮಗ ಕುಡ್ಯಾಂವಲ್ಲ," ಎಂದು ಸಿದ್ದವ್ವ ಓಣಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ರಾಜೇಶ್ವರಿ ಅಂಗಿ ಮೂಸಿದಳು. ಮಲ್ಲಿಗೆಯಿಲ್ಲ, ಪೌಡರಿಲ್ಲ. ಎಂಥದೋ ಸಿಹಿ ಅಂಟು ವಾಸನೆ. ಕಿಸೆಯಲ್ಲಿ ಔಷಧದ ಬಾಟಲಿಯ ಮುಚ್ಚಳಗಳು.

ಒಂದು ದಿನ ತವರು ಸಿಂದಗಿಗೆ ಹೊರಟವಳು ಅಲ್ಲಿಗೆ ಹೋಗದೆ ಚಡಚಣದ ಬಸ್ಸು ಹತ್ತಿದಳು. ದ್ರಾಕ್ಷಿ ತೋಟದ ತಿರುವಿನಲ್ಲಿ ಇಳಿದು, ಶೆಡ್ಡಿನ ಹಸಿರು ಜಾಳಿಗೆಯ ಹಿಂದೆ ನಿಂತು ಇಣುಕಿದಳು. ಹೊತ್ತು ಇನ್ನೂ ಮುಳುಗಿರಲಿಲ್ಲ. ಗೋಣಿಚೀಲದ ಮೇಲೆ ಐದಾರು ಗಂಡಸರು, ನಡುವೆ ಕೆಮ್ಮಿನ ಔಷಧದ ಬಾಟಲಿಗಳು, ಒಂದು ಎಲೆಯಲ್ಲಿ ಗುಳಿಗೆ. ಕಲ್ಮೇಶ ಯಾವುದೋ ಬೀಗರ ದನಿಯಲ್ಲಿ ಮಾತಾಡಿ ಅಣಕಿಸುತ್ತಿದ್ದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆಮೇಲೆ ಅವನೂ ನಕ್ಕ, ಗುಡುಸಾಬನ ಹೆಗಲ ಮೇಲೆ ತಲೆಯಿಟ್ಟು, ಕಣ್ಣಲ್ಲಿ ನೀರು ಬರುವ ಹಾಗೆ.

ಆ ನಗುವನ್ನು ಅವಳು ತನ್ನ ಮನೆಯಲ್ಲಿ ಒಂದು ದಿನವೂ ಕೇಳಿರಲಿಲ್ಲ. ಹೆಂಗಸಾಗಿದ್ದರೆ ಜಡೆ ಹಿಡಿದು ಎಳೆದಾಡಬಹುದಿತ್ತು. ಈ ನಗುವಿಗೆ ಜಡೆ ಎಲ್ಲಿಂದ ತರುವುದು? ಕರೆಯದೆ, ಬಯ್ಯದೆ, ಬಂದ ಹಾದಿಯಲ್ಲೇ ತಿರುಗಿದಳು.

ಆಮೇಲೆ ತಮ್ಮ ಅನಿಲನನ್ನು ಸಿಂದಗಿಯಿಂದ ಕರೆಸಿ ಮೈಕ್‌ಸೆಟ್ಟಿನ ಕೆಲಸಕ್ಕೆ ಹಚ್ಚಿದವಳು ಅವಳೇ. ಕೆಲಸ ಒಂದು ನೆವ. ಅವರು ಅಲ್ಲಿ ಏನು ಮಾತಾಡುತ್ತಾರೆ, ತನ್ನ ಹೆಸರು ಬರುತ್ತದೋ ಇಲ್ಲವೋ, ಎಲ್ಲ ಬಂದು ಹೇಳಬೇಕೆಂದು ಆಣೆ ಹಾಕಿಸಿಕೊಂಡಿದ್ದಳು. ಅನಿಲ ಮೊದಲು ಬಹಳ ಸುದ್ದಿ ತಂದ. ಆಮೇಲೆ ಕಡಿಮೆ ತಂದ. ಕಡೆಗೆ ಅವನೂ ಬೆಳಗಿನಲ್ಲಿ ಬಂದು, "ಅಕ್ಕಾ, ಸಕ್ಕರಿ ಜಾಸ್ತಿ ಹಾಕ," ಎಂದು ಗೋಡೆ ನೋಡಿ ನಗತೊಡಗಿದ.

*

ಹೆಣ ಕೂಡಿಸಿ ಒಯ್ಯುವ ವಿಮಾನಕ್ಕೆ ಬಾಳೆಗಿಡ ಕಟ್ಟುತ್ತಿದ್ದಾಗ ರಾಜೇಶ್ವರಿ ಹಿತ್ತಲ ಬಾಗಿಲಿನಿಂದ ಹೊರಬಿದ್ದಳು. ಗುಡುಸಾಬ ಬೇವಿನ ಗಿಡದ ಕೆಳಗೆ ಟೆಂಪೊಕ್ಕೆ ಒರಗಿ ನಿಂತಿದ್ದ. ಬರಿ ಹೆಗಲು. ಬೆಳಗಿನಿಂದ ಅವನು ಮನೆಯ ಹೊಸ್ತಿಲಿಗೆ ಬಂದಿರಲಿಲ್ಲ.

"ಕಾಲು ಮಡಚಿದಾಂವ ನೀನ ಹೌದಿಲ್ಲ?"

ಅವನು ನೆಲ ನೋಡಿದ. "ಹೌದ್ರಿ ವೈನಿ."

"ಯಾರ ಹೇಳಿದ್ರು ನಿನಗ ಮಡಚಂತ?"

"ನಿಮ್ಮ ಮಾವಾರು ತೀರಿಕೊಂಡಾಗ ಬಿಜಾಪುರದಿಂದ ತರೂದರಾಗ ಸೆಟದಿದ್ರು. ಬಿಸಿನೀರು ಹಾಕಿ ತಿಕ್ಕಿ ತಿಕ್ಕಿ ಮಡಚಿದ್ವಿ. ಆ ಎಲುಬಿನ ಸಪ್ಪಳ ಇನ್ನೂ ಕಿವಿಯಾಗ ಐತ್ರಿ. ಕಲ್ಮೇಶಗ ಹಂಗ ಆಗಬಾರ್ದು ಅಂತ... ನಾ ನೋಡಿದಾಗ ಮೈ ಇನ್ನೂ ಮೆತ್ತಗಿತ್ತು. ಮಡಚಿ, ರುಮಾಲು ಬಿಗದೆ."

ಉಪಕಾರವಾಯಿತು ಎನ್ನಬೇಕಿತ್ತು. ಅವಳಿಗೆ ಮತ್ಸರವೇ ಬಂತು. ಜೀವಂತ ಇದ್ದಾಗ ನಗು ಇವನ ಪಾಲಿಗೆ ಹೋಯಿತು. ಕಡೆಗೆ ಕಾಲು ಮಡಚುವುದೂ ಇವನ ಪಾಲಿಗೇ ಬಂತು. ಹೆಂಡತಿ ಎನಿಸಿಕೊಂಡವಳಿಗೆ ಗಂಟು ಬಿಚ್ಚುವ ಕೆಲಸವೂ ಸಿಗಲಿಲ್ಲ.

"ಕಡೀಕ ಏನಂದ?" ಅಂದಳು.

"ನಿಮ್ಮ ಹೆಸರ ತಗೊಂಡ್ರಿ."

"ಸುಳ್ಳು ಹೇಳಬ್ಯಾಡ ಗುಡುಸಾಬ. ಇವತ್ತರ ಬ್ಯಾಡ."

"ಏನೂ ಅನ್ನಲಿಲ್ರಿ. ಔಷಧ ಕುಡದಿದ್ದ, ಮ್ಯಾಲ ನಿದ್ದಿ ಗುಳಿಗಿನೂ ನುಂಗಿದ್ದ. ಅಂಗಾತ ಬಿದ್ದು ಗೊರಕಿ ಹೊಡ್ಯಾಕತ್ತಿದ್ದ. ದೊಡ್ಡ ಗೊರಕಿರಿ, ಶೆಡ್ಡು ನಡಗೂ ಹಂಗ. ನಾವೆಲ್ಲ ನಕ್ವಿ. ಮಾಮಾ ದಣದಾನ, ಮಲಗ್ಲಿ ಬಿಡ್ರಿ ಅಂದ ಅನಿಲ. ಕಂಬಳಿ ಹೊಚ್ಚಿದ್ವಿ. ಬೆಳಗ್ಗೆದ್ದು ನೋಡಿದ್ರ..."

"ಗೊರಕಿ?"

"ಹೌದ್ರಿ."

"ಅಂವ ಗೊರಕಿ ಹೊಡ್ಯಾಂವ ಅಲ್ಲೋ!" ರಾಜೇಶ್ವರಿಯ ದನಿ ಸೀಳಿತು. "ಒಂದ ದಿನಾನೂ ಹೊಡದಾಂವಲ್ಲ. ಉಸರಾಡೂದೂ ಕೇಳ್ತಿದ್ದಿಲ್ಲ ಅವನ್ದು. ಮೂಗಿನ ಕೆಳಗ ಬೊಟ್ಟಿಟ್ಟು ನೋಡತಿದ್ದೆ ನಾನು, ಅದಾನೋ ಇಲ್ಲೋ ಅಂತ. ಜೀವ ಹೋಗೂ ಸಪ್ಪಳೋ ಅದು. ಅದಕ್ಕ ನಕ್ಕೀರಿ ನೀವು!"

ಗುಡುಸಾಬ ಟೆಂಪೊದ ಗಾಲಿಯ ಬಳಿ ಕುಸಿದು ಕುಳಿತ.

ತನ್ನ ಪಾಲಿಗೆ ಬಂದದ್ದು ಬರಿಯ ನಿದ್ದೆ ಎಂದು ಅವಳು ಇಷ್ಟು ವರ್ಷ ಹಲ್ಲು ಕಡಿದಿದ್ದಳು. ಮಾತು, ನಗು, ಹಾಡು ಎಲ್ಲ ಅವರಿಗೆ, ಮಲಗಿದ ಮೈ ತನಗೆ. ಆದರೆ ಆ ಮಲಗಿದ ಮನುಷ್ಯನನ್ನು ಬಲ್ಲವಳು ಅವಳೊಬ್ಬಳೇ. ಶೆಡ್ಡಿನಲ್ಲಿದ್ದ ಯಾರಿಗೂ ಅವನು ಗೊತ್ತಿರಲಿಲ್ಲ. ಒಂದು ಗಳಿಗೆ, ಗೆದ್ದೆ ಎನಿಸಿತು. ಮರುಗಳಿಗೆ ತನ್ನ ಆ ಗೆಲುವಿಗೆ ತಾನೇ ಹೇಸಿದಳು.

*

ಹೊಲದ ಬದುವಿನಲ್ಲಿ ಕುಣಿ ತೋಡಿದ್ದರು. ವಿಭೂತಿ ಬಳಿದ ಹಣೆ, ತಲೆಗೆ ಪಟಗ. ಕಲ್ಮೇಶ ನಿಜಕ್ಕೂ ಯಾವುದೋ ಮಠದ ಪೀಠದಲ್ಲಿ ಕುಳಿತವನಂತೆ ಕಾಣುತ್ತಿದ್ದ. ಶೆಡ್ಡಿನ ಹುಡುಗರು ಕೈಮುಗಿದು ಸಾಲಾಗಿ ನಿಂತಿದ್ದರು. ಅವರ ಮುಖದಲ್ಲಿ ದುಃಖದ ಜೊತೆಗೆ ಒಂದು ನಿರಾಳವೂ ಇತ್ತು. ಗದ್ದುಗೆಯಾದರೆ ಆ ರಾತ್ರಿಯ ಬಾಟಲಿಗಳೆಲ್ಲ ಅದರ ಕೆಳಗೇ ಉಳಿಯುತ್ತಿದ್ದವು.

"ನೀನೂ ಅಲ್ಲೇ ಇದ್ದೆಲ್ಲಪಾ?" ಧೂಳಪ್ಪ ಅನಿಲನ ಬೆನ್ನ ಮೇಲೆ ಕೈಯಿಟ್ಟ. "ಹೇಳು, ನಾಕ ಮಂದಿ ಕೇಳ್ಲಿ."

ಅನಿಲನ ಕಣ್ಣು ಅರ್ಧ ಮುಚ್ಚಿದ್ದವು. "ಹೌದ್ರಿ. ಮಾಮಾ ಪೂಜಾಕ್ಕ ಕುಂತಿದ್ದ," ಅಂದ, ಮೂಗು ತುರಿಸಿಕೊಳ್ಳುತ್ತ.

ಆ ಬೆರಳನ್ನು ರಾಜೇಶ್ವರಿ ನೋಡಿದಳು. ಹೇಳಿದರೆ ಗಂಡನ ಮಾನ ಹೋಗುತ್ತದೆ, ಅತ್ತೆಗೆ ಸಿಕ್ಕ ಒಂದೇ ಸಮಾಧಾನ ಹೋಗುತ್ತದೆ. ಹೇಳದಿದ್ದರೆ ಈ ಬೆರಳೂ ಗಂಡನ ಹಾದಿಯಲ್ಲೇ ಹೋಗುತ್ತದೆ.

"ಕಾಕಾರ, ಗದ್ದಿಗಿ ಕಟ್ಟಸಬ್ಯಾಡ್ರಿ," ಅಂದಳು. "ಅಂವ ಕುಂತು ಸತ್ತಿಲ್ಲ. ಔಷಧ ಕುಡದು, ಗುಳಿಗಿ ನುಂಗಿ, ಅಂಗಾತ ಬಿದ್ದು ಗೊರಕಿ ಹೊಡದು ಸತ್ತಾನ. ಇವ್ರೆಲ್ಲಾರೂ ಮಗ್ಗಲದಾಗ ಇದ್ರು. ಗುಡುಸಾಬ ಆಮ್ಯಾಲೆ ಕಾಲು ಮಡಚ್ಯಾನ."

ಸಿದ್ದವ್ವ ಎದೆ ಬಡಿದುಕೊಂಡಳು. "ಹೆಣದ ಮುಂದ ಎಂಥಾ ಮಾತ ಆಡ್ತೀಯೇ! ಇದ್ದಾಗೂ ಹೊಟ್ಟಿಕಿಚ್ಚು ಪಟ್ಟಿ, ಸತ್ತ ಮ್ಯಾಲೂ ಬಿಡವಲ್ಲಿ!"

"ದುಃಖದಾಗ ತಲಿ ಕೆಟ್ಟೈತ್ರಿ ಪಾಪ," ಎಂದು ಧೂಳಪ್ಪ ಎಲ್ಲರಿಗೂ ಹೇಳಿದ. "ಹೂಂ, ಇಳಿಸ್ರಿ."

ಅಯ್ಯನವರು ಅವಳನ್ನು ನೋಡಿದರು. ರುಮಾಲು ಬಿಚ್ಚಲು ಕಣ್ಣಿನಿಂದಲೇ ಸನ್ನೆ ಮಾಡಿದರು. ಈಗ ಒಣಗಿದ್ದ ಗಂಟು ಸಲೀಸಾಗಿ ಬಿಚ್ಚಿತು. ಕಾಲು ಮಡಚಿದಂತೆಯೇ ಉಳಿದವು. ಅವಳು ರುಮಾಲನ್ನು ಟೊಂಕಕ್ಕೆ ಸಿಗಿಸಿಕೊಂಡು, ಎಲ್ಲರ ಜೊತೆ ತಾನೂ ಬಿಲ್ವಪತ್ರೆ ಹಾಕಿದಳು, ಮಣ್ಣು ಹಾಕಿದಳು.

*

ಮನೆಗೆ ಮರಳಿದವರು ಹೊಸ್ತಿಲಲ್ಲಿ ಕಾಲು ತೊಳೆದು, ಪಡಸಾಲೆಯ ದೀಪಕ್ಕೆ ಕೈಮುಗಿದು ಕುಳಿತರು. ಕಲ್ಮೇಶನನ್ನು ಒರಗಿಸಿದ್ದ ಗೋಡೆಗೇ ಅನಿಲ ಒರಗಿದ್ದ. ನಡುವೆ ಎಲ್ಲೋ ಹೋಗಿ ಬಂದಿದ್ದ. ಅವನ ಕುತ್ತಿಗೆ ಒಂದು ಕಡೆ ವಾಲಿತು, ಬಾಯಿ ತೆರೆಯಿತು. ಮೆಲ್ಲಗೆ ಶುರುವಾದ ಗೊರಕೆ ಪಡಸಾಲೆಯನ್ನು ತುಂಬಿತು.

"ದಣದೈತಿ ಹುಡುಗ," ಅಂದ ಧೂಳಪ್ಪ. "ಮಲಗ್ಲಿ ಬಿಡ್ರಿ."

ರಾಜೇಶ್ವರಿ ಎದ್ದಳು. ಹೊಸ್ತಿಲಲ್ಲಿದ್ದ ತಾಮ್ರದ ಕೊಡವನ್ನು ಎರಡೂ ಕೈಯಲ್ಲಿ ಎತ್ತಿ ತಂದು ತಮ್ಮನ ಮುಖದ ಮೇಲೆ ಸುರಿದಳು. ದೀಪ ಆರಿತು. ಸಿದ್ದವ್ವ ಚೀರಿದಳು. ಅನಿಲ ಕೆಮ್ಮುತ್ತ ಕಣ್ಣು ಬಿಟ್ಟ, ಮತ್ತೆ ಮುಚ್ಚಿದ. ಅವನ ಬಾಯಿಂದ ಆ ಸಿಹಿ ಅಂಟು ವಾಸನೆ ಬಂತು.

"ಕಣ್ಣ ಬಿಡು! ನಾ ಯಾರು? ಹೇಳು, ನಾ ಯಾರು?"

"ಅಕ್ಕಾ..."

"ಇನ್ನೊಮ್ಮೆ ಅನ್ನು. ಅನಕೋತ ಇರು."

ಟೊಂಕದ ಚೌಕಳಿ ರುಮಾಲು ಎಳೆದು ಅವನ ಮುಖ ಒರೆಸಿದಳು. ಆಮೇಲೆ ನೀರು ನಿಂತ ನೆಲದ ಮೇಲೆಯೇ ಕುಕ್ಕರಗಾಲಲ್ಲಿ ಕುಳಿತು, ಒಂದು ಕೈಯಲ್ಲಿ ಅವನ ಅಂಗಿ ಹಿಡಿದುಕೊಂಡು, ಇನ್ನೊಂದು ಕೈಯ ತೋರುಬೆರಳನ್ನು ಅವನ ಮೂಗಿನ ಕೆಳಗೆ ಇಟ್ಟಳು.