ಮಾರ್ವಿಲ್ಲರ ಮಣ್ಣು

"ನಿನ್ನ ಕಾಲೂ ಮುರಿದಿತ್ತೇನಯ್ಯಾ?" ಎಂದ ರಾಜನ ಅಧಿಕಾರಿ.

ಚರ್ಚಿನ ತುಂಬ ನಗು. ಸಾಕ್ಷಿಗೆ ನಿಂತಿದ್ದ ಹೇಮೋ ಟೋಪಿ ಹಿಸುಕುತ್ತ, "ಹೂಂ ಬುದ್ಧಿ, ದೊರೆಸಾನಿ ಹುಟ್ಟಿದ್ ದಿನಾನೇ. ಬಣವೆ ಮೇಲಿಂದ ಬಿದ್ದೆ," ಎಂದ.

"ನಿನಗಿಂತ ಮುಂಚೆ ಇಬ್ಬರು ಬಿದ್ದಾಯ್ತು. ಅವತ್ತು ನಿಮ್ಮೂರಲ್ಲಿ ನೆಟ್ಟಗೆ ನಡೀತಿದ್ದೋರು ಯಾರಾದ್ರೂ ಇದ್ರಾ?"

ಅವರು ಹೇಳುತ್ತಿದ್ದ ದೊರೆಸಾನಿ ಮಾಬಿಲ ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು. ಅವಳು ತೊಟ್ಟಿಲಲ್ಲಿದ್ದಾಗಲೇ ತಂದೆ ಮಾರ್ವಿಲ್ ದೊರೆ ಫ್ರಾನ್ಸಿನ ಯುದ್ಧದಲ್ಲಿ ಸತ್ತಿದ್ದ. ಅಂದಿನಿಂದ ಅವಳೂ ಅವಳ ನೆಲವೂ ಪಾಲಕ ಸರ್ ಫುಲ್ಕನ ವಶದಲ್ಲಿ; ಅವಳು ಬೆಳೆದದ್ದು ದೂರದ ಅವನ ಮನೆಯಲ್ಲಿ. ಅವಳು ಹುಟ್ಟಿದ ದಿನದ ನೆನಪು ಹೇಳಿ, ಅವಳಿಗೆ ಹದಿನಾರು ತುಂಬಿತೆಂದು ಊರಿನವರು ಆಣೆಯಿಟ್ಟರೆ ನೆಲ ಅವಳದು. ಇಲ್ಲವಾದರೆ ಫುಲ್ಕ್ ಅವಳನ್ನು ತನ್ನ ಮಗನಿಗೆ ಕಟ್ಟಿ, ನೆಲವನ್ನೂ ನುಂಗಿ ನೀರು ಕುಡಿಯುತ್ತಾನೆ. ಊರಿನವರೇನೋ ಅವಳ ಕಡೆಯವರೇ. ಆದರೆ ಪಕ್ಕದೂರಿನ ಇಂಥದೇ ವಿಚಾರಣೆಯಲ್ಲಿ ಕಾಲು ಮುರಿದ ಕಥೆ ಗೆದ್ದಿತ್ತೆಂದು ಕೇಳಿ ಎಲ್ಲರೂ ಅದನ್ನೇ ಉರು ಹೊಡೆದುಕೊಂಡು ಬಂದಿದ್ದರು.

ಬೆಳಿಗ್ಗೆ ದಿಬ್ಬದ ಮೇಲೆ ಕುದುರೆ ನಿಲ್ಲಿಸಿದಾಗ ಅವಳು ಆ ನೆಲವನ್ನು ಬುದ್ಧಿ ಬಂದ ಮೇಲೆ ಮೊದಲ ಸಲ ಕಂಡಿದ್ದಳು. ಹೊಳೆ, ನೀರಿನ ಗಿರಣಿ, ಓಕ್ ಕಾಡು, ಕಾಡಿನಾಚೆಗೂ ಉತ್ತ ಹೊಲ. "ಕಣ್ಣಿಗೆ ಕಾಣೋದೆಲ್ಲ ನಿಮ್ದೇ ಅಮ್ಮಣ್ಣಿ," ಎಂದಿದ್ದ ಕುದುರೆಯಾಳು. ಅವಳು ಬೆರಗಾಗಿದ್ದಳು. ಇಷ್ಟೆಲ್ಲ ಪಡೆಯಲು ತಾನು ಮಾಡಿದ್ದಾದರೂ ಏನು?

ಚರ್ಚಿನಲ್ಲಿ ಸಾಕ್ಷಿಗೆ ಕೊನೆಗೆ ಎದ್ದವನು ಉಳುಮೆಯ ಥರ್ಸ್ಟನ್. ಫುಲ್ಕ್ ಮೀಸೆಯಡಿ ನಗುತ್ತ, "ಎಡಗಾಲೋ ಬಲಗಾಲೋ?" ಎಂದ.

"ಕಾಲು ಮುರೀಲಿಲ್ಲ ಬುದ್ಧಿ. ಅವತ್ತು ನನ್ ಮಗೀನ ಮಣ್ಣು ಮಾಡಿದ್ವಿ."

ನಗು ನಿಂತಿತು.

"ಹೊಳೆ ಸೇತುವೆ ಕೊಚ್ಕೊಂಡ್ ಹೋಯ್ತಲ್ಲ, ಆ ವರ್ಷ. ಸಂತ ಮಾರ್ಟಿನ್ ಹಬ್ಬದ ಮಾರ್ನೆ ದಿನ. ಪಾದ್ರಿ ಇಲ್ಲಿ ಅವತ್ತೇ ಹುಟ್ಟಿದ್ ಈ ಅಮ್ಮಣ್ಣಿ ತಲೆಗೆ ದೀಕ್ಷೆ ನೀರು ಹಾಕಿ, ಅದೇ ಒದ್ದೆ ತೋಳಲ್ಲಿ ಆಚೆ ಬಂದ್ರು. ಗುಂಡಿ ಹತ್ರ ಕೈ ಎತ್ತಿದಾಗ ಆ ನೀರು ನನ್ ಮಗೀನ್ ಮೇಲೂ ಬಿತ್ತು. ಸಂಜೆ ಕೋಟೆಯಿಂದ ಆಳು ಬಂದ, ದೊರೆ ಮಗೀಗೆ ಹಾಲು ಬೇಕು ಅಂತ. ನನ್ ಹೆಂಡ್ತಿ ಎದೆ ತುಂಬ ಹಾಲು ಇಟ್ಕೊಂಡು ಅಳ್ತಾ ಕೂತಿದ್ಲು. ಎದ್ದು ಹೋದ್ಲು." ಅವನು ತಲೆ ತಗ್ಗಿಸಿದ. "ಇದನ್ನ ನಾವಿಬ್ರೂ ಮನೇಲೂ ಆಡಲ್ಲ ಬುದ್ಧಿ."

ಸೇತುವೆ ಹೋಗಿ ಹದಿನಾರು ವರ್ಷವಾಗಿತ್ತೆಂಬುದು ಅಧಿಕಾರಿಗೂ ನೆನಪಿತ್ತು. ಅವನು ಶಿಲುಬೆಯ ಗುರುತು ಮಾಡಿಕೊಂಡು, "ವಯಸ್ಸು ತುಂಬಿದೆ," ಎಂದ. ಫುಲ್ಕ್ ಕುದುರೆ ನೋಡುವ ನೆವದಲ್ಲಿ ಹೊರಗೆ ನಡೆದ.

ಚರ್ಚಿನ ಬಾಗಿಲಾಚೆ, ನೆಲ ಒಪ್ಪಿಸಿಕೊಡುವ ಪದ್ಧತಿಯಂತೆ, ಮಾರ್ವಿಲ್ಲರ ಹೊಲದಿಂದ ಹುಲ್ಲುಸಮೇತ ಮಣ್ಣಿನ ಹೆಂಟೆಯೊಂದನ್ನು ಅಗೆದು ತಂದು ಅವಳ ಬೊಗಸೆಯಲ್ಲಿಟ್ಟರು. ಹೊಳೆ, ಗಿರಣಿ, ಕಾಡು ಎಲ್ಲ ಅದರೊಳಗೇ ಬಂತು. ಅವಳೆಣಿಸಿದ್ದಕ್ಕಿಂತ ಅದು ಭಾರವಾಗಿತ್ತು, ತಣ್ಣಗಿತ್ತು. ಬೇರುಗಳ ನಡುವೆ ಎರೆಹುಳುವೊಂದು ಮಿಸುಕಿತು. ದಿಬ್ಬದ ಮೇಲೂ ಅವಳಿಗೆ ಇಂಥ ಬೆರಗು ಆಗಿರಲಿಲ್ಲ.

"ಎಲ್ಲಿ?" ಎಂದಳು ಥರ್ಸ್ಟನ್ನನಿಗೆ.

ಅವನಿಗೆ ಅರ್ಥವಾಯಿತು. "ಆ ಸ್ಮಶಾನದ್ ಯೂ ಮರದ್ ಬುಡ. ನಮ್ಮಂಥೋರಿಗೆ ಗೋರಿ ಕಲ್ಲೆಲ್ಲಿಂದ ಬರ್ಬೇಕು ಅಮ್ಮಣ್ಣಿ? ನನ್ ಹೆಂಡ್ತಿಗೆ ಮಾತ್ರ ಸರಿಯಾದ್ ಜಾಗ ಗೊತ್ತು."

ಮರದಡಿ ಅವನ ಹೆಂಡತಿ ಈಡಿತ್ ನಿಂತಿದ್ದಳು. ಚರ್ಚಿನೊಳಗೆ ಬಂದಿರಲೇ ಇಲ್ಲ. ಮಾಬಿಲ ಬೊಗಸೆ ಬಿಡದೆ ಹುಲ್ಲು ದಾಟಿ ಹೋದಳು. ಈಡಿತ್ ಅವಳ ಮುಖವನ್ನು ಬಹಳ ಹೊತ್ತು ನೋಡಿ, ಆಮೇಲೆ ಕಾಲ ಬಳಿಯ ನೆಲವನ್ನು ನೋಡಿದಳು.

ಮಾಬಿಲ ರೇಷ್ಮೆ ಲಂಗದಲ್ಲೇ ಅಲ್ಲಿ ಮಂಡಿಯೂರಿದಳು. ಹಿಂದಿನಿಂದ ಅಧಿಕಾರಿ ಏನೋ ಕೂಗಿದ. ಅವಳು ಹೆಂಟೆಯನ್ನು ಕೆಳಗಿಟ್ಟು ಅಂಚನ್ನು ಬೆರಳಿನಿಂದ ಒತ್ತತೊಡಗಿದಳು.

"ಹಂಗಲ್ಲ," ಎಂದು ಈಡಿತ್ ಪಕ್ಕದಲ್ಲಿ ಕೂತಳು. "ಅಡೀಲಿರೋ ನೆಲಾನ ಒಂಚೂರು ಕೆದ್ಕು, ಮಗ. ಆಗ್ಲೇ ಬೇರು ಹಿಡಿಯೋದು."