ಪ್ರಭಾ ನಿಂತ ಕಡೆಗೆ

ಚೆಂಡಿಗೆ ಕೆಂಪು ಮಣ್ಣು ಮೆತ್ತಿದೆ, ಎಷ್ಟು ಒರೆಸಿದರೂ ಅಂಗೈಯಲ್ಲಿ ಬೆವರು, ತೋಪಿನ ಕಡೆಯಿಂದ ನೀಲಗಿರಿ ಎಲೆಯ ಘಾಟು, ಆಚೆ ಹೊಸೂರು ರೋಡಿನಲ್ಲಿ ಲಾರಿಯೊಂದು ಗೇರು ಬದಲಿಸುತ್ತ ಏರು ಹತ್ತುತ್ತಿದೆ, ಪಟ್ಟಾಭಿರಾಮ ಸಾರ್ ಸೀಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಾರೆ, ಊದುತ್ತಿಲ್ಲ — ನೆಟ್ಟಿನ ಆಚೆ ಪ್ರಭಾ ಒಬ್ಬಳೇ ಮೊಣಕಾಲು ಬಗ್ಗಿಸಿ ನಿಂತಿದ್ದಾಳೆ, ನನ್ನ ಸರ್ವ್ ಎತ್ತಲಿಕ್ಕೆ. ಊರ್ಮಿಳಾ ಹೊಡೀಲಿ, ಪ್ರಭಾ ಎತ್ಲಿ, ಯಾರು ಉಳೀತಾರೋ ನೋಡೋಣ, ಅಂದರು ಸಾರ್, ಕೋಳಿ ಅಂಕಕ್ಕೆ ಬಿಟ್ಟವರ ಹಾಗೆ ನಗುತ್ತ. ಫ್ಯಾಕ್ಟರಿಯಲ್ಲಿ ವಾಲಿಬಾಲ್ ಆಟಗಾರರ ಕೋಟಾದಲ್ಲಿ ಇರುವುದು ಒಂದೇ ಕಾಯಂ ಕೆಲಸ. ಈ ತಿಂಗಳಿಗೆ ನಮ್ಮಿಬ್ಬರ ಟ್ರೈನಿಂಗ್ ಮುಗಿಯುತ್ತದೆ, ಒಬ್ಬಳು ರೇಡಿಯೋ ಬೋರ್ಡುಗಳಿಗೆ ಬೆಸುಗೆ ಹಾಕುತ್ತ ಇಲ್ಲೇ ಉಳಿಯುತ್ತಾಳೆ, ಇನ್ನೊಬ್ಬಳು ಮನೆಗೆ. ನನಗೆ ಮನೆ ಎಂದರೆ ಅಣ್ಣನ ಕ್ವಾರ್ಟರ್ಸು, ನಾನು ಅಡುಗೆಮನೆಗೆ ಕಾಲಿಟ್ಟ ಕೂಡಲೇ ಅತ್ತಿಗೆ ಅನ್ನದ ಪಾತ್ರೆಗೆ ಮುಚ್ಚಳ ಹಾಕುವ ಸದ್ದು, ಅಷ್ಟೇ ಮನೆ, ಅಲ್ಲಿಗೆ ನಾನು ಹೋಗುವುದಿಲ್ಲ, ಸತ್ತರೂ ಹೋಗುವುದಿಲ್ಲ — ಆದರೆ ಪ್ರಭಾ ಎಲ್ಲಿಗೆ ಹೋಗುತ್ತಾಳೆ, ಅವಳ ಮನೆ ಇಲ್ಲೇ ಹೆಬ್ಬಗೋಡಿ, ನಾನು ಬಾಡಿಗೆಗಿರುವುದೂ ಅದೇ ಮನೆಯ ಮುಂದಿನ ಕೋಣೆಯಲ್ಲಿ, ಅವಳವ್ವ ಸೊಣ್ಣಮ್ಮ ಮುದ್ದೆ ಕಟ್ಟಿದರೆ ಮೊದಲಿನದು ನನ್ನ ತಟ್ಟೆಗೆ. ಈ ಗ್ರೌಂಡು ನಮ್ಮ ತಾತನ ರಾಗಿ ಹೊಲ ಕಣೇ, ನೀನು ಸರ್ವ್ ಹಾಕೋ ಜಾಗದಲ್ಲೇ ಕಣ ಇತ್ತು, ಅಂದಿದ್ದಳು ಪ್ರಭಾ ಒಂದು ದಿನ, ಬೇಜಾರಿಲ್ಲದೆ, ಬಸ್ ಸ್ಟಾಪು ಎಲ್ಲಿದೆ ಅಂತ ಹೇಳುವ ಹಾಗೆ.

ಈ ಸರ್ವ್ ಯಾರಿಗೆ ಬೇಕಿತ್ತು. ಒಲಿಂಪಿಕ್ಸ್ ಆದ ವರ್ಷ ಸಾರ್ ಟೀವಿಯಲ್ಲಿ ಬ್ರೆಜಿಲ್ ಗಂಡಸರು ಓಡಿ ಬಂದು, ಹಾರಿ, ಗಾಳಿಯಲ್ಲೇ ಚೆಂಡಿಗೆ ಬಾರಿಸುವುದನ್ನು ನೋಡಿದ್ದರು, ಅಂದಿನಿಂದ ಅದೇ ಹುಚ್ಚು. ನಮ್ಮ ಕಡೆ ಯಾವ ಹುಡುಗೀನೂ ಹಾಕಲ್ಲ, ನಿಂಗೆ ಎತ್ತರ ಇದೆ, ನೀನು ಹಾಕ್ಬೇಕು, ಅಂದರು. ಚೆಂಡನ್ನು ಮುಂದಕ್ಕೆ ಎತ್ತರಕ್ಕೆ ಎಸಿ, ಎಸೆಯುವಾಗಲೇ ಅದು ಮುಂದಕ್ಕೆ ಉರುಳುವ ಹಾಗೆ ಬೆರಳಲ್ಲಿ ತಿರುವು, ಓಡು, ಗೆರೆ ತುಳಿಯದೆ ಹಾರು, ಬಿಚ್ಚಿದ ಅಂಗೈಯಿಂದ ಚೆಂಡಿನ ನೆತ್ತಿಗೆ ಹೊಡೆದು ಮಣಿಕಟ್ಟನ್ನು ಮೇಲಿಂದ ಕೆಳಕ್ಕೆ ಮಡಚು — ಹೇಳುವುದು ಸುಲಭ, ನನ್ನ ಚೆಂಡು ನೆಟ್ಟಿಗೆ, ಮತ್ತೆ ನೆಟ್ಟಿಗೆ, ಇಲ್ಲವಾದರೆ ತೋಪಿನೊಳಗೆ, ಭುಜ ಕಿತ್ತು ಬರುವ ಹಾಗೆ ನೋವು, ಏನಮ್ಮ, ಹಪ್ಪಳ ಒತ್ತಕ್ಕೆ ಬಂದಿದೀಯಾ, ಅನ್ನುತ್ತಿದ್ದರು ಸಾರ್. ಒಂದು ಸಂಜೆ ಸಾರ್‌ಗೆ ಹೊಸ ಉಪಾಯ ಹೊಳೆಯಿತು, ಇವಳು ನೆಟ್ಟಿಗೆ ಹೊಡೆದಾಗೆಲ್ಲ ಗ್ರೌಂಡು ಸುತ್ತ ಇವಳು ಓಡೋದ್ ಬೇಡ, ಅವಳು ಓಡ್ಲಿ, ಆಗ ಬುದ್ಧಿ ಬರುತ್ತೆ. ಪ್ರಭಾ ಓಡಿದಳು. ಎಂಟು ಗಂಟೆ ಬೆಸುಗೆಯ ಹೊಗೆ ಕುಡಿದು ಬಂದು ನನ್ನ ತಪ್ಪಿಗೆ ಓಡಿದಳು, ಬಾಯಿ ಒಣಗಿ ತುಟಿಯ ಅಂಚಲ್ಲಿ ಬಿಳಿ ಕಟ್ಟಿತ್ತು, ನಾನು ಅತ್ತರೆ ಅವಳಿಗೇ ಸಿಟ್ಟು, ಅಳಬೇಡ, ಚೆಂಡು ನೋಡು. ಮಾರನೆಯ ಬೆಳಿಗ್ಗೆ ಹಿತ್ತಲಲ್ಲಿ ಒದ್ದೆ ಗೋಣಿಚೀಲ ಹಾಸಿ, ಹೊಡೀಲೇಬೇಡ, ಬರೀ ಎಸಿ, ಚೆಂಡು ಗೋಣಿ ಮೇಲೇ ಬೀಳ್ಬೇಕು, ನೀನು ಎಸೀತಿಲ್ಲ ಕಣೇ, ಬಿಸಾಕ್ತಿದೀಯ, ಅದು ನೆತ್ತಿ ಹಿಂದಕ್ಕೆ ಹೋಗುತ್ತೆ, ಆಮೇಲೆ ನೀನು ಅದರ ಹೊಟ್ಟೆಗೆ ಹೊಡೀತೀಯ, ಅಂದಳು. ಸಾರ್‌ಗೆ ಕಾಣದ್ದು ಅವಳಿಗೆ ಕಂಡಿತು. ದಿನವೂ ಗೋಣಿ, ದಿನವೂ ಬೀಳುವ ಚೆಂಡು, ಆಮೇಲೊಂದು ಸಂಜೆ ನನ್ನ ಕೈಯಿಂದ ಹೊರಟ ಚೆಂಡು ಹೊರಗೆ ಹೋಗುತ್ತದೆ ಅಂತ ಎಲ್ಲರೂ ಬಿಟ್ಟುಬಿಟ್ಟರು, ಅದು ಗಾಳಿಯಲ್ಲಿ ಬಾಗಿ ದಿಢೀರನೆ ಕೆಳಗಿಳಿದು ಗೆರೆಯೊಳಗೆ ಮಣ್ಣು ಕಿತ್ತಿತು, ಪ್ರಭಾ ನನ್ನನ್ನು ಎತ್ತಿಕೊಂಡು ತಿರುಗಿಸಿದಳು, ಅವಳ ಎದೆ ಡವಡವ ಹೊಡೆದುಕೊಳ್ಳುವುದು ನನಗೆ ಕೇಳಿಸುತ್ತಿತ್ತು.

ಸೀಟಿ. ಎಸೆದೆ, ಓಡಿದೆ, ಹೊಡೆದೆ, ಅವಳ ಬಲಕ್ಕೆ, ಎತ್ತಿದಳು. ಮತ್ತೆ, ಎತ್ತಿದಳು, ಚೆಂಡು ನೆಟ್ಟಿನ ಹತ್ತಿರ ಹೂವಿನ ಹಾಗೆ ಬಿತ್ತು, ಸಾರ್ ತಲೆದೂಗಿದರು, ಅವಳ ಕಡೆ ನೋಡಿ ತಲೆದೂಗಿದರು. ನನ್ನ ಸರ್ವನ್ನು ಅವಳಷ್ಟು ಬಲ್ಲವರು ಯಾರೂ ಇಲ್ಲ, ನಾನು ಎಸೆಯುವಾಗಲೇ ಅದು ಎಲ್ಲಿ ಬೀಳುತ್ತದೆಂದು ಅವಳ ಕಾಲಿಗೆ ಗೊತ್ತು. ಅನ್ನದ ಪಾತ್ರೆ, ಮುಚ್ಚಳ. ಅವಳ ಬಗ್ಗೆ ನನಗೇನು ಗೊತ್ತು — ಗೊತ್ತಿದೆ, ಬೇಡ, ಗೊತ್ತಿದೆ, ಹೋದ ವಾರ ಬಾವಿಯ ಹಗ್ಗ ಜಾರಿ ರಾಟೆಗೆ ಸಿಕ್ಕ ಅವಳ ಎಡಗೈ ಹೆಬ್ಬೆರಳು, ಬದನೆಕಾಯಿಯ ಹಾಗೆ ಊದಿ ನೀಲಿಯಾಗಿತ್ತು, ಅರಿಸಿನ ಸುಣ್ಣ ಹಚ್ಚಿದ್ದು ನಾನೇ, ಸಾರ್‌ಗೆ ಹೇಳ್ಬೇಡ, ನನ್ನಾಣೆ, ಅಂದಿದ್ದಳು. ಹೇಳಲಿಲ್ಲ. ಬೆಳಿಗ್ಗೆ ಸೊಣ್ಣಮ್ಮ ಇಬ್ಬರಿಗೂ ಕುಂಕುಮ ಇಟ್ಟು, ಒಂದೇ ಒಟ್ಟೇಲಿ ಉಟ್ದೋರಂಗವ್ರೆ, ಇಬ್ರೂ ಗೆದ್ಕೊಂಡ್ ಬನ್ನಿ, ಅಂದಳು, ಕೆಲಸ ಒಂದೇ ಎಂದು ಅವಳಿಗೆ ನಾವಿಬ್ಬರೂ ಹೇಳಿರಲಿಲ್ಲ. ಚೆಂಡು ಅವಳ ಮುಂದೆ ಇಳಿಯಬೇಕು, ಒಂದು ಗೇಣು ಮೊದಲೇ, ಜೋಡಿಸಿದ ತೋಳಿಗಲ್ಲ, ತುದಿಗೆ, ಹೆಬ್ಬೆರಳಿಗೆ, ಅದಕ್ಕೆ ನೆತ್ತಿಗೆ ಇನ್ನೂ ಜೋರಾಗಿ ಹೊಡೆಯಬೇಕು, ಮಣಿಕಟ್ಟು ಇನ್ನೂ ಮಡಚಬೇಕು, ನನಗೆ ಬರುತ್ತದೆ, ಅವಳೇ ಕಲಿಸಿದ್ದಾಳೆ.

ಹೊಡೆದೆ. ಟಕ್ ಎಂಬ ಸದ್ದು, ಚೆಂಡಿನದಲ್ಲ. ಚೆಂಡು ಪಕ್ಕಕ್ಕೆ ಸಿಡಿದು ತೋಪಿಗೆ ಹೋಯಿತು, ಪ್ರಭಾ ನನ್ನ ಕಡೆ ನೋಡಿದಳು, ಆ ನೋಟದಲ್ಲಿ ಬೈಗುಳ ಇದ್ದಿದ್ದರೆ ಚೆನ್ನಾಗಿತ್ತು, ಇರಲಿಲ್ಲ, ಲೆಕ್ಕ ಅರ್ಥವಾದವಳ ನೋಟ. ಇನ್ನೊಂದು, ಅಂದರು ಸಾರ್. ಇನ್ನೊಂದನ್ನೂ ಅಲ್ಲಿಗೇ ಹೊಡೆದೆ. ಮತ್ತೊಂದು, ಅದೂ ಅಲ್ಲಿಗೇ. ಸಾಕಮ್ಮ ಊರ್ಮಿಳಾ, ಆಫೀಸಿಗೆ ಬಾ, ಪ್ರಭಾ, ನೀನು ನೆಟ್ ಬಿಚ್ಚಿ ಮಡಚಿಟ್ಟು ಹೋಗಮ್ಮ. ನಾನು ನೆಟ್ಟಿನ ತನಕ ಹೋದೆ, ಏನು ಹೇಳಲು ಹೋದೆನೋ, ಪ್ರಭಾ ಅಂದೆ, ಈಗ ಸರಿಯಾಗಿ ಎಸೀತಿದೀಯ ಕಣೇ, ಅಂದಳು ಅವಳು, ಮೆಲ್ಲಗೆ, ಹಿತ್ತಲಲ್ಲಿ ಹೇಳುತ್ತಿದ್ದ ದನಿಯಲ್ಲೇ. ಸಾರ್ ಕರೆಯುತ್ತಿದ್ದಾರೆ, ಹೋಗಬೇಕು, ಇವತ್ತೇ ಸಹಿ ಹಾಕಿಸುತ್ತಾರೆ, ಕಾಲು ಕೀಳುತ್ತಿಲ್ಲ, ಅವಳು ಮತ್ತೆ ಮೊಣಕಾಲು ಬಗ್ಗಿಸಿ ನಿಂತಿದ್ದಾಳೆ, ಚೆಂಡೇ ಇಲ್ಲ, ಎರಡೂ ಕೈ ಮುಂದೆ ಚಾಚಿ ಹೆಬ್ಬೆರಳುಗಳನ್ನು ಪಕ್ಕಪಕ್ಕ ಜೋಡಿಸುತ್ತಿದ್ದಾಳೆ, ಎಡಗಡೆಯದು ನಿಲ್ಲುತ್ತಿಲ್ಲ, ಹೊರಕ್ಕೆ ಜಾರುತ್ತದೆ, ಬಲಗೈಯಿಂದ ಹಿಡಿದು ವಾಪಸು ಇಡುತ್ತಾಳೆ, ಜಾರುತ್ತದೆ, ಇಡುತ್ತಾಳೆ, ಜಾರುತ್ತದೆ